ಕೊರಳಲ್ಲಿ ಪಟ್ಟಿಯಿದ್ದ ನಾಯಿ

ಮುಧೋಳ ನಾಯಿಯನ್ನು ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾ ತಾಲೂಕಿನ ನಮ್ಮೂರು ದಾಳಿಂಬದಲ್ಲಿ ಕಾರವಾನಿ ಎನ್ನುತ್ತಾರೆ. ಆಳಂದದ ಕಡೆಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ, ಅತ್ತೆ ಸಾಕಿದ್ದ ಹೆಣ್ಣು ಕಾರವಾನಿಯನ್ನು ಕಂಡು ನಾನೂ ತಪ್ಪು ತಿಳಿದಿದ್ದೆ. ಪಕ್ಕೆಲುಬು ಎಣಿಸಬಹುದಿತ್ತು, ಹೊಟ್ಟೆ ಬೆನ್ನಿಗೆ ಅಂಟಿತ್ತು. “ಈ ಮನ್ಯಾಗ ನಾಯಿಗೇ ಕೂಳಿಲ್ಲ, ನನಗೇನು ಹಾಕ್ತಾರವ್ವ” ಎಂದು ತವರಿಗೆ ಫೋನು ಮಾಡಿದ್ದೆ.

ಆಮೇಲೆ ನೋಡಿದರೆ, ದಿನಕ್ಕೆರಡು ಹೊತ್ತು ಜೋಳದ ರೊಟ್ಟಿ ಮುರಿದು, ಹಾಲು ಹೊಯ್ದು, ಅತ್ತೆ ಮುಂದೆ ಕೂತು ತಿನ್ನಿಸುತ್ತಿದ್ದಳು.

“ಓಡೋ ಜಾತಿ ಅದ ಅದು. ಮೈಮ್ಯಾಲ ಮಾಂಸ ಹೊತ್ತರ ಹ್ಯಾಂಗ ಓಡಬೇಕು?” ಎಂದಳು.

ತೊಗರಿ ಹೊಲಕ್ಕೆ ನುಗ್ಗಿದ ಹಂದಿಗಳನ್ನು ಅದು ಅಟ್ಟಿಸಿಕೊಂಡು ಹೋದದ್ದನ್ನು ಕಂಡ ದಿನ ನನ್ನ ಬಾಯಿ ಮುಚ್ಚಿತು. ಅಪರಿಚಿತರು ಮುಟ್ಟಲು ಬಂದರೆ ಮಾತ್ರ ಮೈ ಹಿಡಿ ಮಾಡಿಕೊಂಡು ಹಿಂದೆ ಸರಿಯುತ್ತಿತ್ತು. ಹೊಡೆದು ಹೆದರಿಸಿದ್ದಾರೆ ಎಂದೇ ನೋಡಿದವರೆಲ್ಲ ಅಂದುಕೊಳ್ಳುತ್ತಿದ್ದರು. ಹೊಡೆದವರು ಯಾರೂ ಇಲ್ಲ. ಅದರ ಸ್ವಭಾವವೇ ಹಾಗೆ.

ಹೋದ ವರ್ಷ ಸೋಯಾಬೀನ್ ರಾಶಿ ಮುಗಿದ ಮೇಲೆ ಒಂದು ದಿನ, ಅತ್ತೆ ಹೈವೇ ಪಕ್ಕದ ಗಿರಣಿಗೆ ಜೋಳ ಬೀಸಿಸಲು ಹೋಗಿದ್ದಳು; ನಾಯಿಯೂ ಬೆನ್ನಹಿಂದೆ ಹೋಗಿ ಹೊರಗೆ ಕೂತಿತ್ತು. ಹಿಟ್ಟಿನ ಡಬ್ಬಿ ಹೊತ್ತು ಹೊರಗೆ ಬಂದರೆ ನಾಯಿ ಇಲ್ಲ. ಕಾರಿನವನೊಬ್ಬ ಬಿಸ್ಕೀಟು ತೋರಿಸಿ, ಎತ್ತಿ ಹಾಕಿಕೊಂಡು ಹೋದನಂತೆ. “ಸಾಯ್ಲಿಕ್ಕೆ ಬಂದದ, ದವಾಖಾನಿಗೆ ಒಯ್ತೀನಿ” ಅಂದನಂತೆ. ಗಿರಣಿಯಲ್ಲಿದ್ದ ನಾಲ್ಕು ಗಂಡಸರು ನೋಡುತ್ತ ನಿಂತಿದ್ದರಂತೆ!

ಎರಡು ತಿಂಗಳ ಮೇಲೆ ಪಕ್ಕದ ಮನೆಯಾಕೆಯ ಮೊಬೈಲಿಗೆ ಯಾವುದೋ ಗುಂಪಿನಿಂದ ಫೋಟೋ ಬಂತು. ಮೊದಲು ಹೀಗಿತ್ತು, ಈಗ ಹೀಗಿದೆ ಎಂದು ಎರಡು ಚಿತ್ರ. ನಮ್ಮದೇ ನಾಯಿ. ನಾನೂ ಅತ್ತೆಯೂ ವಿಳಾಸ ಕೇಳಿಕೊಂಡು ಬಸ್ಸು ಹತ್ತಿ ನಿಲಂಗಾಕ್ಕೆ ಹೋದೆವು.

ನುಣುಪು ಟೈಲ್ಸಿನ ವರಾಂಡದಲ್ಲಿ, ಕಿಟಕಿಯ ಸರಳಿಗೆ ಗಿಡ್ಡ ಸರಪಳಿಯಿಂದ ಅದನ್ನು ಕಟ್ಟಿದ್ದರು. ಹೊಟ್ಟೆ ಜೋತಿತ್ತು, ಉಗುರು ಬೆಳೆದು ಸೊಟ್ಟಗಾಗಿದ್ದವು. ಅತ್ತೆಯನ್ನು ಕಂಡು ಎದ್ದಿತು, ಹಿಂಗಾಲು ಜಾರಿ ಬಿತ್ತು.

ಮನೆಯವನು ನಮ್ಮ ಕಡೆಯಿಂದಲೇ ಬಂದು ಅಲ್ಲಿ ನೆಲೆಸಿದ ಬಟ್ಟೆ ವ್ಯಾಪಾರಿ. ಚಹಾ ತರಿಸಿದ. ಅತ್ತೆ ಕಪ್ಪು ಮುಟ್ಟಲಿಲ್ಲ.

“ನಾ ತಂದಿದ್ದಿಲ್ಲಂದ್ರ ಸತ್ತೇ ಹೋಗ್ತಿತ್ರೀ. ಖರೇ ಅಂದ್ರ ನಿಮ್ಮ ಮ್ಯಾಲ ಪೊಲೀಸರಿಗೆ ತಕ್ರಾರ ಕೊಡಬೇಕಿತ್ತು,” ಎಂದ.

“ಕೊರಳಾಗ ಪಟ್ಟಿ ಇತ್ತಲ್ಲೋ,” ಎಂದಳು ಅತ್ತೆ. “ಯಾರು ಕಟ್ಯಾರ ಅಂತ ಒಬ್ಬರಿಗರೆ ಕೇಳಿದೇನು?”

“ಮಾಲಕ ಇದ್ದವರು ಇಷ್ಟು ಬಡಕಲ ಇಡ್ತಾರೇನ್ರೀ?”

ನನಗೆ ತಡೆಯಲಾಗಲಿಲ್ಲ. “ನಮ್ಮತ್ತಿನೂ ಬಡಕಲ ಅದಾರ. ಅವರಿಗೂ ಕಾರಿನಾಗ ಹಾಕ್ಕೊಂಡು ಹೋಗ್ತೀರೇನು?”

ಅವನು ಕೆಂಪಾದ. ಅತ್ತೆ ತಾನೇ ಸರಪಳಿ ಬಿಚ್ಚಿದಳು. ಕಾರಿನಲ್ಲಿ ಬಿಡುತ್ತೇನೆ ಎಂದು ಅವನು ಹಿಂದೆಯೇ ಬಂದ. ಅತ್ತೆ ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ನಾಯಿಗೆ ಜಾಗ ಕೊಡಲಿಲ್ಲ. ಕೊನೆಗೆ ಈರುಳ್ಳಿ ಹೇರಿದ್ದ ಟೆಂಪೋದಲ್ಲಿ, ಚೀಲಗಳ ನಡುವೆ ಮೂವರೂ ಉಮರ್ಗಾ ಮುಟ್ಟಿದೆವು.

ಯುಗಾದಿಯ ಹೊತ್ತಿಗೆ ನಾಯಿಯ ಮೈ ಇಳಿಯಿತು. ಹಿಂಗಾಲಿನ ಕುಂಟು ಮಾತ್ರ ಹೋಗಲಿಲ್ಲ. ಉದಗೀರದ ಪಶುವೈದ್ಯರು, ಆ ನೆಲದ ಮೇಲೆ ಜಾರಿ ಜಾರಿ ಕೀಲು ಕೆಟ್ಟಿದೆ, ಇನ್ನು ಮೊದಲಿನಂತೆ ಓಡುವುದಿಲ್ಲ ಎಂದರು. ಈಗ ಹಂದಿಗಳು ಬಂದರೆ ಬದುವಿನ ಮೇಲೆ ನಿಂತು ಬೊಗಳುತ್ತದೆ. ಓಡುವ ಜಾತಿಯನ್ನು ಒಬ್ಬನ ಕರುಣೆ ಬದುವಿಗೆ ತಂದು ನಿಲ್ಲಿಸಿತು.

ಆ ವ್ಯಾಪಾರಿ ಅದೇ ಗುಂಪಿನಲ್ಲಿ ಬರೆದಿದ್ದನ್ನೂ ಪಕ್ಕದ ಮನೆಯಾಕೆ ತೋರಿಸಿದಳು: “ಬಡವರ ನಾಯಿ ಬಡವರಿಗೇ ಕೊಟ್ಟೆ, ದೇವರು ನೋಡಿಕೊಳ್ಳಲಿ.” ಕೆಳಗೆ ಸಾಲಾಗಿ ಕೈಮುಗಿದವರು. ನಾನು ಹೊಲದಲ್ಲೇ ನಿಂತು, ಅಲ್ಲೇ ಕಂಡ ಅವನ ನಂಬರಿಗೆ ಫೋನು ಹಚ್ಚಿದೆ. ಕನ್ನಡ ಸಾಲದೆ ಮರಾಠಿಯಲ್ಲೂ ಬೈದೆ. ಅವನು ಫೋನು ಕಟ್ ಮಾಡುವವರೆಗೂ ಬೈದೆ. ಸೊಸೆ ದನಿ ಎತ್ತಿದರೆ ಗದರುತ್ತಿದ್ದ ಅತ್ತೆ, ಅಂದು ಕಳೆ ಕೀಳುತ್ತ ಸುಮ್ಮನೆ ಕೇಳಿಸಿಕೊಂಡಳು.