ತೆಂಗಿನೆಣ್ಣೆ ಕುಡಿದ ಡ್ರಿಲ್ ಬಿಟ್

ಕೊರೊನಾ ಗಲಾಟೆ ತಣ್ಣಗಾದ ಮರುವರ್ಷದ ಮಾತು. ನಾನಾಗ ಕುಂದಾಪುರದ ಒಂದು ಎಂಜಿನಿಯರಿಂಗ್ ವರ್ಕ್‌ಶಾಪಿನಲ್ಲಿ ಫಿಟರ್. ಬೋಟುಗಳ ಶಾಫ್ಟು, ಗೇರು, ನೀರು ತಳ್ಳುವ ಫ್ಯಾನಿನ ಕೆಲಸವೇ ನಮ್ಮ ಅನ್ನ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುತ್ತ ಬಂದಾಗ ತಲೆ ತುರಿಸಲೂ ಪುರುಸೊತ್ತಿರುವುದಿಲ್ಲ.

ಅಂಥ ಹೊತ್ತಲ್ಲಿ ಬೈಂದೂರು ಕಡೆಯ ಶಾರದಕ್ಕ ಮೈದುನ ಮಂಜನನ್ನು ಕರೆದುಕೊಂಡು ಬಂದರು. ಬುಟ್ಟಿ ಹೊತ್ತು ಮೀನು ಮಾರಿಯೇ ಸಂಸಾರ ನಡೆಸಿದ ಹೆಂಗಸು. ಅವನೊಡನೆ ಸೇರಿ ಒಂದು ಹಳೇ ಬೋಟು ಕೊಂಡಿದ್ದರು, ಅವರ ಮನೆತನದ ಮೊದಲ ಬೋಟು. ಅದರ ಎಂಜಿನ್ನಿಗೂ ಶಾಫ್ಟಿಗೂ ಗಂಟು ಹಾಕುವ ಕಪ್ಲಿಂಗ್ ಒಡೆದಿತ್ತು. ಹೊಸದಕ್ಕೆ ಬೋಲ್ಟಿನ ತೂತು ಕೊರೆಯಬೇಕು. ಮರುದಿನ ಬೆಳಿಗ್ಗೆಯ ಉಬ್ಬರಕ್ಕೆ ಬೋಟು ನೀರಿಗಿಳಿಯಬೇಕು. ತಪ್ಪಿದರೆ ಬೋಟು ನಡೆಸುವ ತಾಂಡೇಲ ತನ್ನ ಜನರನ್ನು ಕಟ್ಟಿಕೊಂಡು ಬೇರೆ ಬೋಟಿಗೆ ಹೋಗುವವನಿದ್ದ.

ಇಲ್ಲಿ ಡ್ರಿಲ್ ಬಿಟ್ಟಿನ ಬುಡದ ಬಗ್ಗೆ ಒಂದು ಮಾತು ಹೇಳಬೇಕು. ಮೆಶೀನು ಹಿಡಿದುಕೊಳ್ಳುವ ಆ ಭಾಗಕ್ಕೆ ಶ್ಯಾಂಕ್ ಎನ್ನುತ್ತಾರೆ. ಸಣ್ಣ ಬಿಟ್ಟುಗಳದ್ದು ನೇರ, ಉರುಟು. ಮೆಶೀನಿನ ಬಾಯಿಯಾದ ಚಕ್ಕಿನ ಮೂರು ಹಲ್ಲು ಕಚ್ಚಿ ಹಿಡಿಯುತ್ತವೆ. ಆರು ಮೂಲೆಯ ಹೆಕ್ಸ್ ಶ್ಯಾಂಕ್ ಚಕ್ಕಿನೊಳಗೆ ಜಾರಿ ತಿರುಗುವುದಿಲ್ಲ. ಕಾಂಕ್ರೀಟು ಕೊರೆಯುವ ಹ್ಯಾಮರ್ ಡ್ರಿಲ್ಲಿನ ಎಸ್‌ಡಿಎಸ್ ಬಿಟ್ಟಿನ ಬುಡದಲ್ಲಿ ಉದ್ದುದ್ದ ತೋಡುಗಳಿರುತ್ತವೆ. ಅದು ಹಿಂದೆ ಮುಂದೆ ಕುಣಿಯುವುದರಿಂದ ಚೂರು ಗ್ರೀಸು ಬೇಕು. ನಮ್ಮ ದೊಡ್ಡ ಮೆಶೀನಿನದ್ದು ಟೇಪರ್ ಶ್ಯಾಂಕ್, ತುದಿಗೆ ಹೋದಂತೆ ಸಪೂರ. ತಿರುಗುವ ದಂಡವಾದ ಸ್ಪಿಂಡಲಿನ ತೂತಿಗೆ ಬಿಗಿಯಾಗಿ ಕೂತು, ಒಣ ಲೋಹಕ್ಕೆ ಒಣ ಲೋಹ ಒತ್ತಿಯೇ ನಿಲ್ಲುವಂಥದ್ದು.

ಬಿಟ್ಟು ಹಾಕಿ ಮೆಶೀನು ಚಾಲು ಮಾಡಿದೆ. ಕಬ್ಬಿಣಕ್ಕೆ ತಾಗಿದ್ದೇ ತಡ, ಸ್ಪಿಂಡಲ್ ತಿರುಗಿತು, ಬಿಟ್ಟು ನಿಂತಿತು. ಮೊನೆ ಮೊಂಡಾಗಿದೆ ಎಂದರು ವರ್ಕ್‌ಶಾಪಿನ ಧಣಿ. ಸಾಣೆ ಹಿಡಿದು ಹಾಕಿದೆ, ಮತ್ತದೇ ಕಥೆ. ಆ ಅಳತೆಯ ಬಿಟ್ಟು ನಮ್ಮಲ್ಲಿ ಅದೊಂದೇ. ಹಳೆಯದಾದ್ದರಿಂದ ಬುಡದ ತುದಿಯಲ್ಲಿ ಜಾರದಂತೆ ತಡೆಯುವ ನಾಲಿಗೆಯೂ ಸವೆದಿತ್ತು. ಮಂಗಳೂರಿಂದ ಬೇರೆ ತರಿಸುವಷ್ಟರಲ್ಲಿ ಉಬ್ಬರ ಇಳಿದು ಹೋಗುತ್ತಿತ್ತು. ತಾಂಡೇಲ ಒಂದೇ ಸಮ ಫೋನು ಮಾಡುತ್ತಿದ್ದ. ಶಾರದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನೆದುರು ನಿಂತರು.

"ಶೀನಣ್ಣ, ನಾಳಿಗೆ ಬೋಟ್ ಇಳಿತ್ತಾ ಇಲ್ಯಾ, ಅದೊಂದ್ ಹೇಳಿ."

ನಿಜ ಹೇಳುತ್ತೇನೆ, ಹೆದರಿದ್ದೆ. ಬಿಟ್ಟನ್ನು ಕಳಚಿ ಬುಡ ಹಿಡಿದೆ. ಕೈ ಜಾರಿತು. ಮೂಗಿಗೆ ಹಿಡಿದರೆ ದೋಸೆ ಕಾವಲಿಯ ಪರಿಮಳ. ಇದಕ್ಕೆ ತೆಂಗಿನೆಣ್ಣೆ ಹಚ್ಚಿದ್ದು ಯಾರು ಎಂದು ಕೇಳಿದೆ.

ಮಂಜ ಎದೆಯುಬ್ಬಿಸಿ ಮುಂದೆ ಬಂದ. "ನಾನೇ ಮರ್ರೆ. ಉಪ್ಪಿನ ಗಾಳಿಗೆ ತುಕ್ಕ್ ಹಿಡಿತ್ತಲೆ, ಸುಮ್ನೆ ಕೂಕಂಡ್ ಎಂತ ಮಾಡುದ್ ಅಂದ್ಹೇಳಿ ನಿಮ್ಮ್ ಬಿಟ್ಟಿನ ಪೆಟ್ಟಿಗೆಲಿದ್ದದ್ದಕ್ಕೆಲ್ಲ ಹಚ್ದೆ."

ಕಡಲ ಮಗ, ಕಬ್ಬಿಣವನ್ನು ಒಣಗಿಸಿ ಇಟ್ಟು ಗೊತ್ತಿಲ್ಲ. ನನಗೆ ತಡೆಯಲಾರದಷ್ಟು ನಗು ಬಂತು. ಬುಡವನ್ನೂ ಸ್ಪಿಂಡಲಿನ ಒಳಗನ್ನೂ ಸೀಮೆಎಣ್ಣೆ ಬಟ್ಟೆಯಲ್ಲಿ ತಿಕ್ಕಿ, ಚೆನ್ನಾಗಿ ಒಣಗಿಸಿ, ಬಿಟ್ಟನ್ನು ಮೇಲಕ್ಕೆ ಕೂರಿಸಿ ಮರದ ಸುತ್ತಿಗೆಯಲ್ಲಿ ಒಂದು ಪೆಟ್ಟು ಕೊಟ್ಟೆ. ಈ ಸಲ ಕಬ್ಬಿಣದ ಸುರುಳಿ ಜಿಲೇಬಿಯ ಹಾಗೆ ಸುತ್ತಿಕೊಂಡು ಎದ್ದು ಬಂತು. ಮಂಜ ಶಿಳ್ಳೆ ಹೊಡೆದ. ಶಾರದಕ್ಕ ಕಣ್ಣೊರೆಸಿಕೊಂಡು ತಾಂಡೇಲನಿಗೆ ತಾವೇ ಫೋನು ಹಚ್ಚಿ ಬೈದರು.

ಮರುದಿನ ಬೋಟು ಇಳಿಯಿತು. ನನಗೂ ಬರಬೇಕೆಂದು ಹೇಳಿಕೆ ಇತ್ತು, ಹೋಗಿದ್ದೆ. ಬಲೆಯ ಶೆಡ್ಡಿಗೆ ಕೊಕ್ಕೆ ಹಾಕಲು ತಂದಿದ್ದ ಹ್ಯಾಮರ್ ಡ್ರಿಲ್ಲನ್ನು ಮಂಜ ಅಲ್ಲಿಯೇ ತೋರಿಸಿದ. ಅದರ ಬಿಟ್ಟಿನ ಬುಡ ಮಾತ್ರ ಒಣ ಒಣ. ಧೂಳು ಅಂಟುತ್ತದೆಂದು ಅದೊಂದಕ್ಕೆ ಎಣ್ಣೆ ಹಚ್ಚದೆ ಬಿಟ್ಟಿದ್ದನಂತೆ! ಜಿಡ್ಡು ಬೇಕಾದ್ದು ಅದಕ್ಕೇ ಮಾರಾಯ ಎಂದೆ.

ಕೆಲಸ ನಿಂತರೆ ಎಲ್ಲರ ಕಣ್ಣೂ ಕೊರೆಯುವ ಮೊನೆಯ ಮೇಲೇ ಹೋಗುತ್ತದೆ. ಅದಕ್ಕೆ ಮೊದಲು ಹಿಡಿದುಕೊಳ್ಳುವ ಬುಡವನ್ನು ನೋಡಬೇಕು, ಯಾವ ಬುಡಕ್ಕೆ ಏನು ಹಿತ ಎಂದು ತಿಳಿದಿರಬೇಕು. ನನಗೆ ಈ ಉದ್ಯೋಗ ಕಲಿಸಿದ್ದು ಅದನ್ನೇ. ಆದರೆ ಗಂಭೀರವಾಗಿ ಹಾಗೆ ಹೇಳಲು ಶಾರದಕ್ಕ ಬಿಡಬೇಕಲ್ಲ. ಈಗಲೂ ನಾನು ಮೀನಿಗೆ ಹೋದರೆ, ಸಂತೆಯೆಲ್ಲ ಕೇಳುವ ಹಾಗೆ ಕರೆಯುತ್ತಾರೆ:

"ಹ್ವಾಯ್ ಶೀನಣ್ಣ, ನಮ್ಮ್ ಬೋಟಿನ ಬಂಗ್ಡಿ ಕಾಣಿ. ಇದಕ್ಕೆ ಎಣ್ಣಿ ಹಾಕ್ಲಕ್ಕಾ?"