ಫೀಡರಿಗೆ ಎಣ್ಣೆಸ್ನಾನ

ಗುಂಡ್ಲುಪೇಟೆಯ ಸಾಮಿಲ್ಲಿನಲ್ಲಿ ಹಲಗೆ ಸೀಳುತ್ತಿದ್ದ ಶಾಂತಮಲ್ಲಪ್ಪನ ಎಡಗೈಯ ಎರಡು ಬೆರಳನ್ನು ಗರಗಸ ಹಿಂದೆಯೇ ತೆಗೆದುಕೊಂಡಿತ್ತು. ಹಾಗಾಗಿ ರಬ್ಬರ್ ಚಕ್ರಗಳಿಂದ ಮರವನ್ನು ಒತ್ತಿ ತಾನೇ ಮುಂದಕ್ಕೆ ತಳ್ಳುವ ಫೀಡರ್ ಬಂದಾಗ ಅವನಿಗೆ ಮನೆದೇವರೇ ಬಂದಂತಾಗಿತ್ತು. ಆಯುಧಪೂಜೆಯ ದಿನ ಅದಕ್ಕೆ ಮೂರೆಳೆ ವಿಭೂತಿ ಬಳಿದ. ಭಕ್ತಿ ಸಾಲದೆಂದು ಚಕ್ರಗಳಿಗೆ ಹರಳೆಣ್ಣೆಯನ್ನೂ ಧಾರಾಳವಾಗಿ ತಿಕ್ಕಿದ.

ಮಾರನೆಯ ದಿನ ಚಕ್ರವೇನೋ ತಿರುಗಿತು, ಬೇವಿನ ಹಲಗೆ ಕದಲಲಿಲ್ಲ. ಗರಗಸದ ಬಾಯಲ್ಲೇ ನಿಂತು ಹೊಗೆಯಾಡಿತು.

"ಕೆಟ್ಟೋಯ್ತು ಕಣಣ್ಣ. ಸಂಜೆ ಲಾರಿಗೆ ಆಕಿ ವಾಪಸ್ ಕಳಿಸ್ಬುಡನ. ನೀನು ಮೊದ್ಲಂಗೆ ಕೈಲೇ ತಳ್ಳು," ಎಂದ ಸಾಹುಕಾರ ಸಾಗರ್.

ಶಾಂತಮಲ್ಲಪ್ಪ ಉಳಿದ ಬೆರಳುಗಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡ. ಚಕ್ರಗಳನ್ನು ಒತ್ತಿಹಿಡಿಯುವ ಸ್ಪ್ರಿಂಗ್ ಬಿಗಿಮಾಡಿದ, ಹರಕೆ ಹೊತ್ತ, ಕೊನೆಗೆ ಮಿಷನ್ನಿಗೇ ಕೈಮುಗಿದ. ಹಲಗೆ ಜಪ್ಪಯ್ಯ ಅನ್ನಲಿಲ್ಲ.

ಬುತ್ತಿ ತಂದ ಹೆಂಡತಿ ಚಿಕ್ಕಮಲ್ಲಮ್ಮ, ನಿಂತಿದ್ದ ಚಕ್ರ ಮುಟ್ಟಿ ನೋಡಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಅಯ್ಯೋ, ನಿಮ್ ಭಕ್ತಿಗಿಷ್ಟು! ಎಣ್ಣೆ ಅಚ್ಚಿದ್ ಕೂಸು ಕೈಲಿ ನಿಂತದಾ? ತಿಕ್ಕಿ ನೀರು ಉಯ್ಬೇಕು ತಾನೆ?"

ಲಾರಿ ಬಂದು ಹಾರನ್ ಹೊಡೆಯುವಷ್ಟರಲ್ಲಿ ಚಕ್ರಗಳಿಗೆ ಅವಳು ಮನೆಯಿಂದ ತಂದ ಸೀಗೆಪುಡಿಯ ಸ್ನಾನವಾಗಿ, ಗಂಡನ ಟವೆಲ್ಲೇ ಅವುಗಳ ಮೈ ಒರೆಸಿತ್ತು. ಸ್ವಿಚ್ ಒತ್ತಿದ. ಹಲಗೆ ತಾನಾಗಿಯೇ ಗರಗಸದತ್ತ ಹೊರಟಿತು. ಶಾಂತಮಲ್ಲಪ್ಪ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು, ಮಗಳನ್ನು ಕಳಿಸಿಕೊಡುವ ಅಪ್ಪನ ಹಾಗೆ ನಿಂತು ಅತ್ತ.