ಗಿಡ್ಡಪ್ಪನ ನೆರಳು

ಮಹಾದೇವಿ, ನಾನು ನಿನಗೆ ಸುಳ್ಳು ಹೇಳಿದೆ. ಆ ಆಟಕ್ಕೆ ಎರಡು ಕಣ್ಣು ಬೇಕಿರಲಿಲ್ಲ.

ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ನಾನು ಯಾವುದಾದರೊಂದು ಸಂದಿಯಿಂದ ನುಸುಳಿಕೊಂಡು ಹೋಗುವವಳು—ನಿನಗೆ ಗೊತ್ತಲ್ಲ. ಹತ್ತು ವರ್ಷ ಹಾಗೆಯೇ ನುಸುಳಿಕೊಂಡೆ. ಕಳೆದ ತಿಂಗಳು ಕಾರ್ಕಳದಲ್ಲಿ ನೀನು ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ನೀನು ನಗುತ್ತಾ ಒಂದು ಮಾತು ಹೇಳಿದೆ. ಅಲ್ಲಿಂದ ಈಚೆಗೆ ನುಸುಳಲು ಸಂದಿ ಸಿಗುತ್ತಿಲ್ಲ.

ನಿನಗೆ ಎಷ್ಟು ನೆನಪಿದೆಯೋ ನನಗೆ ಗೊತ್ತಿಲ್ಲ. ನನಗೆ ಎಲ್ಲವೂ ನೆನಪಿದೆ. ಕಾಪುವಿನ ನಮ್ಮ ಮನೆಗೆ ಮಹಡಿ ಕಟ್ಟಲು ನಿನ್ನ ಅಪ್ಪ ಬಾಗಲಕೋಟೆ ಕಡೆಯಿಂದ ಬಂದಿದ್ದರು. ಹಿತ್ತಲಿನ ಶೆಡ್ಡಿನಲ್ಲಿ ನಿಮ್ಮ ಸಂಸಾರ. ಏಳನೆಯ ತರಗತಿಯಲ್ಲಿ ನೀನು ನನ್ನದೇ ಬೆಂಚಿಗೆ ಬಂದು ಕುಳಿತೆ. ಚಿಕ್ಕಂದಿನಲ್ಲಿ ಸುಣ್ಣ ಸಿಡಿದು ನಿನ್ನ ಎಡಗಣ್ಣು ಹೋಗಿತ್ತು. ಅದನ್ನು ನೀನೇ ಮೊದಲ ದಿನ ಹೇಳಿ ಮುಗಿಸಿದೆ, ಆಮೇಲೆ ಆ ಮಾತೇ ಎತ್ತಲಿಲ್ಲ. ಗೋಡೆಗೆ ಕಟ್ಟಿದ ಸಾರ್ವೆಯ ಮರಗಳ ಮೇಲೆ ನೀನು ಅಪ್ಪನ ಜೊತೆ ಹತ್ತಿ ಇಳಿಯುತ್ತಿದ್ದೆ. ಶಾಲೆಯ ಥ್ರೋಬಾಲ್‌ನಲ್ಲಿ ನಿನ್ನ ಕೈಗೆ ಬಂದ ಚೆಂಡು ನೆಲ ಕಂಡದ್ದಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ನಮಗೆ ಟೀವಿ ಗೇಮ್. ಹಳದಿ ಕ್ಯಾಸೆಟ್ಟಿನೊಳಗೆ ಒಬ್ಬ ಮುಂಡಾಸಿನ ಕುಳ್ಳ—ಅವನಿಗೆ ಗಿಡ್ಡಪ್ಪ ಎಂದು ಹೆಸರಿಟ್ಟವಳು ನೀನು. ಅವನು ಎಡದಿಂದ ಬಲಕ್ಕೆ ಓಡಬೇಕು, ಹೊಂಡ ಹಾರಬೇಕು, ಅಷ್ಟೇ ಆಟ. ನಾನು ಮೂರನೆಯ ಹೊಂಡದಲ್ಲಿ ಬಿದ್ದು ಸಾಯುತ್ತಿದ್ದೆ. ನೀನು ಕೋಟೆಯ ಬಾಗಿಲಿನವರೆಗೂ ಹೋಗುತ್ತಿದ್ದೆ. ಮಸ್ಕತ್ತಿನಿಂದ ರಜೆಗೆ ಬಂದ ನನ್ನ ಪಪ್ಪ ಅದನ್ನು ನೋಡಿ ನಿನಗೆ ಚಿಕ್ಕ ಮೇಸ್ತ್ರಿ ಎಂದು ಬಿರುದು ಕೊಟ್ಟರು. ಅಜ್ಜಿ ಜಪಮಾಲೆ ಹಿಡಿದುಕೊಂಡೇ ನಿನ್ನ ಹಿಂದೆ ಕುಳಿತು ನೋಡುತ್ತಿದ್ದಳು. ನಾನು ಆಡುವಾಗ ಅವಳು ಪ್ರಾರ್ಥನೆಗೆ ವಾಪಸು ಹೋಗುತ್ತಿದ್ದಳು.

ಯಂತ್ರ ನಮ್ಮದು, ಟೀವಿ ನಮ್ಮದು, ಅಜ್ಜಿಯೂ ನಮ್ಮವಳೇ—ಗೆಲ್ಲುವವಳು ಮಾತ್ರ ನೀನು. ನನಗೆ ಹೊಟ್ಟೆಕಿಚ್ಚಿತ್ತು. ಅದಕ್ಕೆ ಬೇರೆ ಒಳ್ಳೆಯ ಹೆಸರಿಲ್ಲ.

ಮರುವರ್ಷ ಪಪ್ಪ ಹೊಸ ಯಂತ್ರ ತಂದರು. ಅದರಲ್ಲಿ ಗಿಡ್ಡಪ್ಪನ ಹೊಸ ಆಟ. ಅಷ್ಟು ದಿನ ಪಕ್ಕದಿಂದ ಮಾತ್ರ ಕಂಡವನಿಗೆ ಈಗ ಬೆನ್ನೂ ಇತ್ತು! ಅವನು ಟೀವಿಯ ಒಳಕ್ಕೆ ಓಡಿಹೋಗುತ್ತಿದ್ದ, ತಿರುಗಿ ನಮ್ಮ ಕಡೆಗೇ ಬರುತ್ತಿದ್ದ. ದಾರಿ ಬಲಕ್ಕೆ ಎಂಬುದೇ ಇಲ್ಲ. ಯಾವ ಕಡೆಗೂ ಹೋಗಬಹುದು. ಮೊದಲ ಎರಡು ದಿನ ನಾನು ಅವನನ್ನು ಬರೀ ನೀರಿಗೆ ಹಾಕಿದೆ. ಕಲ್ಲು ಹತ್ತಿರ ಇದೆಯೋ ದೂರ ಇದೆಯೋ ತಿಳಿಯುತ್ತಲೇ ಇರಲಿಲ್ಲ. ಮೂರನೆಯ ದಿನ ಪೆಟ್ಟಿಗೆಯ ತಳದಲ್ಲಿ ಒಂದು ಪುಟ್ಟ ಪುಸ್ತಕ ಸಿಕ್ಕಿತು. ಇಂಗ್ಲಿಷು ನನಗೆ ಅರ್ಥವಾಗಲಿಲ್ಲ, ಚಿತ್ರ ಅರ್ಥವಾಯಿತು. ಗಿಡ್ಡಪ್ಪ ಹಾರಿದಾಗ ಅವನ ಕಾಲಿನ ನೇರ ಕೆಳಗೆ ಒಂದು ದುಂಡು ನೆರಳು ಬೀಳುತ್ತದೆ. ಚಿತ್ರದ ಬಾಣ ಅದನ್ನೇ ತೋರಿಸುತ್ತಿತ್ತು. ಅವನನ್ನು ನೋಡಬಾರದು, ನೆರಳನ್ನು ನೋಡಬೇಕು. ನೆರಳು ಕಲ್ಲಿನ ಮೇಲಿದ್ದರೆ ಅವನೂ ಕಲ್ಲಿನ ಮೇಲೆಯೇ ಇಳಿಯುತ್ತಾನೆ. ಗುಟ್ಟು ಇಷ್ಟೇ.

ಆ ಪುಸ್ತಕವನ್ನು ಅಜ್ಜಿಯ ಹಾಸಿಗೆಯ ಅಡಿಗೆ ಸೇರಿಸಿದೆ. ವಾರವಿಡೀ ಒಬ್ಬಳೇ ಕಲಿತೆ. ಶನಿವಾರ ನಿನ್ನನ್ನು ಕರೆದೆ.

ನೀನು ರಿಮೋಟು ಹಿಡಿದ ಕೂಡಲೇ ಬಲಕ್ಕೆ ಓಡಿದೆ. ಗಿಡ್ಡಪ್ಪ ಗೋಡೆಗೆ ಮುಖ ಒತ್ತಿಕೊಂಡು ನಿಂತಲ್ಲೇ ಓಡಿದ. ನಾನು ನಕ್ಕೆ. ಆಮೇಲೆ ನೀನು ಹಾರಿದೆ, ನೀರಿಗೆ ಬಿದ್ದೆ. ಮತ್ತೆ ಹಾರಿದೆ, ಮತ್ತೆ ನೀರು. ನೀನು ತಿರುಗಿ ನನ್ನನ್ನು ನೋಡಿದೆ—ಏನೋ ಉಪಾಯ ಇರಬೇಕು, ಇವಳಿಗೆ ಗೊತ್ತಿರಬೇಕು ಎಂಬ ನೋಟ. ಆಗ ನಾನು ಹೇಳಿದ ಮಾತು ಇದು:

"ಇದು ಹಳೆಯ ಆಟದ ಹಾಗಲ್ಲ ಮಾರಾಯ್ತಿ. ಇದರಲ್ಲಿ ಆಳ ಉಂಟು. ಇದಕ್ಕೆ ಎರಡು ಕಣ್ಣು ಬೇಕು."

ನೀನು ಸಿಟ್ಟಾಗಬಹುದಿತ್ತು, ಆಗಲಿಲ್ಲ. ರಿಮೋಟನ್ನು ನನ್ನ ಮಡಿಲಲ್ಲಿಟ್ಟು, "ಹಂಗಾದ್ರ ನೀ ಆಡು, ನಾ ನೋಡಕೋತ ಕೂಡತೀನಿ" ಎಂದೆ. ಮತ್ತೆ ನಿಜವಾಗಿಯೂ ಕುಳಿತು ನೋಡಿದೆ. ನಾನು ಗೆದ್ದಾಗ ಚಪ್ಪಾಳೆ ಕೂಡ ತಟ್ಟಿದೆ.

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನಾನು ಅವಳಿಗಿಂತ ಒಂದು ಕೈ ಮೇಲು—ಚೆನ್ನಾಗಿ ಕುಣಿಯುವವಳಿಗೆ ನಿನ್ನ ಕಾಲೇ ಡೊಂಕು ಎಂದೆ.

ಅಂದು ಸಂಜೆ ನೀನು ಹೋದ ಮೇಲೆ ನನಗೇ ಒಂದು ಅನುಮಾನ ಬಂತು. ಎಡಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಆಡಿದೆ. ಏನೂ ವ್ಯತ್ಯಾಸವಾಗಲಿಲ್ಲ, ಮಹಾದೇವಿ. ಒಂದಿಷ್ಟೂ ಇಲ್ಲ. ಟೀವಿಯ ಗಾಜು ಚಪ್ಪಟೆ. ಅದರಲ್ಲಿ ಕಾಣುವ ಆಳ ಒಂದು ಕಣ್ಣಿಗೂ ಅಷ್ಟೇ, ಎರಡು ಕಣ್ಣಿಗೂ ಅಷ್ಟೇ. ಅಲ್ಲಿಯವರೆಗೆ ನಾನು ಆಡಿದ್ದು ಕೆಟ್ಟ ಬಾಯಿಯ ಮಾತು ಎನ್ನಬಹುದಿತ್ತು. ಆ ಸಂಜೆಯಿಂದ ಅದು ಗೊತ್ತಿದ್ದೂ ಕಾಪಾಡಿಕೊಂಡ ಸುಳ್ಳಾಯಿತು. ಹಿತ್ತಲಿನ ಶೆಡ್ಡಿಗೆ ಇಪ್ಪತ್ತು ಹೆಜ್ಜೆ. ನಾನು ಹೋಗಲಿಲ್ಲ.

ಮುಂದಿನ ವಾರ ಥ್ರೋಬಾಲ್ ತಂಡದ ಆಯ್ಕೆ ಇತ್ತು. ನೀನು ಹೆಸರು ಕೊಡಲಿಲ್ಲ. ಟೀಚರ್ ಕೇಳಿದ್ದಕ್ಕೆ ನೀನು, ‘ನನಗೆ ದೂರ ಹತ್ತಿರ ತಿಳಿಯುವುದಿಲ್ಲ’ ಎಂದೆ. ನಾನು ಪಕ್ಕದಲ್ಲೇ ನಿಂತಿದ್ದೆ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದೆ—ಪಟ್ಟಿಗೆ ಏನೂ ಆಗಿರಲಿಲ್ಲ. ಮಳೆಗಾಲಕ್ಕೆ ಮುಂಚೆ ನಮ್ಮ ಮಹಡಿ ಮುಗಿಯಿತು, ನೀವು ಕಾರ್ಕಳಕ್ಕೆ ಹೊರಟುಹೋದಿರಿ.

ಕಳೆದ ತಿಂಗಳು ತಮ್ಮನ ಮದುವೆಗೆ ರವಿಕೆ ಹೊಲಿಸಲು ಯಾರೋ ಹೇಳಿದ ಅಂಗಡಿ ಹುಡುಕಿಕೊಂಡು, ನಾನು ಈಗ ಇರುವ ಮಣಿಪಾಲದಿಂದ ಬಂದರೆ ಒಳಗೆ ನೀನು. ಮಾತಾಡುತ್ತಲೇ ನೀನು ಸೂಜಿಗೆ ನೂಲು ಪೋಣಿಸಿದೆ—ಒಂದೇ ಸಲಕ್ಕೆ. ಎರಡು ಕಣ್ಣಿರುವ ನಾನು ನಾಲ್ಕು ಸಲ ಎಂಜಲು ಹಚ್ಚಿ ಪೋಣಿಸುವವಳು. ನಿನ್ನ ಮಾಲಕಿ ಗಂಡನ ಬಳಿ ಹೋಗುವವರಿದ್ದಾರೆ, ಅಂಗಡಿ ನಿನಗೇ ಬಿಡುತ್ತೇನೆ ಎನ್ನುತ್ತಾರೆ, ಆದರೆ ಅದಕ್ಕೆ ಕಟಿಂಗ್ ಬರಬೇಕು, ಮುಂದಿನ ತಿಂಗಳು ಮುಗಿಯುವುದರೊಳಗೆ ಉತ್ತರ ಕೊಡಬೇಕು, ನೀನು ಆಗುವುದಿಲ್ಲ ಎನ್ನಬೇಕೆಂದಿದ್ದೀಯ—ಇಷ್ಟನ್ನೂ ನೀನು ಬೇರೆ ಯಾರದೋ ಸುದ್ದಿಯಂತೆ ಹೇಳಿದೆ. ಯಾಕೆ ಆಗುವುದಿಲ್ಲ ಎಂದು ನಾನು ಕೇಳಿದೆ, ಮೂರ್ಖಳ ಹಾಗೆ.

"ಕಟಿಂಗಿಗೆ ಎರಡು ಕಣ್ಣು ಬೇಕಲ್ಲ. ನನಗ ಆಳ ತಿಳಿಯಂಗಿಲ್ಲ, ಅವತ್ತ ನೀನ ಹೇಳಿದ್ದಿಯಲ್ಲ" ಎಂದೆ ನೀನು. ಬೈಗುಳವಿರಲಿಲ್ಲ ಅದರಲ್ಲಿ. ಡಾಕ್ಟರು ಹೇಳಿದ್ದನ್ನು ನೆನಪಿಸುವ ಹಾಗೆ ಹೇಳಿದೆ. ನಾನು ರವಿಕೆಯ ಬಟ್ಟೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ನಾಚಿಕೆಯಾಗುತ್ತದೆ. ಆದರೆ ನನ್ನ ನಾಚಿಕೆಯಿಂದ ನಿನಗೆ ಏನೂ ಆಗಬೇಕಾದ್ದಿಲ್ಲ. ಆಗಬೇಕಾದದ್ದು ಈ ತಿಂಗಳೊಳಗೆ. ಮೇಜಿನ ಮೇಲೆ ಹರಡಿದ ಬಟ್ಟೆಯೂ ಆ ಗಾಜಿನಷ್ಟೇ ಚಪ್ಪಟೆ. ಇದನ್ನು ನಾನು ಹೇಳಿದೆ ಎಂದು ನಂಬಬೇಡ—ನನ್ನನ್ನು ನಂಬಿದ್ದು ಒಮ್ಮೆ ಸಾಕು. ನೀನೇ ನೋಡು. ಆ ಪುಟ್ಟ ಪುಸ್ತಕವನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ನೆರಳಿನ ಚಿತ್ರ ಇರುವ ಪುಟ ಮಡಚಿದೆ. ಹಾಸಿಗೆಯ ಅಡಿಯಲ್ಲಿದ್ದು ಒಂದು ಮೂಲೆ ಹಳದಿಯಾಗಿದೆ, ಚಿತ್ರ ಸರಿಯಾಗಿದೆ.

ಯಂತ್ರವೂ ಇದೆ. ಕಾಪುವಿನ ಮನೆಯ ಅಟ್ಟದಿಂದ ಇಳಿಸಿ ಧೂಳು ಹೊಡೆದೆ, ನಡೆಯುತ್ತದೆ. ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಅದನ್ನು ಹೊತ್ತು ಕಾರ್ಕಳದ ಬಸ್ಸು ಹತ್ತುತ್ತೇನೆ. ನೀನು ಕ್ಷಮಿಸಬೇಕೆಂದು ಬರುತ್ತಿಲ್ಲ. ಬಾಗಿಲು ತೆರೆಯದಿದ್ದರೆ ಯಂತ್ರವನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತೇನೆ. ತೆರೆದರೆ, ನೀನು ಆಡು, ನಾನು ನೋಡುತ್ತಾ ಕೂರುತ್ತೇನೆ. ಹೇಳಿಕೊಡಲು ಬಾಯಿ ತೆರೆಯುವುದಿಲ್ಲ.

ಮತ್ತೆ ರವಿಕೆಯ ಬಟ್ಟೆಯನ್ನೂ ತರುತ್ತೇನೆ. ತಮ್ಮನ ಮದುವೆಗೆ ಇನ್ನು ಹದಿನೈದು ದಿನ ಉಂಟು. ಮಾಲಕಿ ಅಳತೆ ತೆಗೆಯಲಿ, ಬೇಕಿದ್ದರೆ ಪಕ್ಕದಲ್ಲೇ ನಿಂತಿರಲಿ. ತೋಳು ಗಿಡ್ಡವಾದರೂ, ಬೆನ್ನು ಡೊಂಕಾದರೂ ಅದನ್ನೇ ತೊಟ್ಟು ಇಗರ್ಜಿಯ ಮೊದಲ ಸಾಲಿನಲ್ಲಿ ನಿಲ್ಲುತ್ತೇನೆ. ಕತ್ತರಿ ಮಾತ್ರ ನೀನೇ ಹಿಡಿಯಬೇಕು.

—ಲವೀನಾ